ಒಲೆಯ ಮೇಲಿನ ಗೋಡೆಯ ಹಲ್ಲಿ

ಬೆಳಕು ಹರಿಯುವ ಮೊದಲು ಮಹೇಶ್ವರಿ ಮುಗಿಸಬೇಕಾದ ಕೆಲಸಗಳು ಇವು: ಹಿತ್ತಲ ಬಾಗಿಲು ತೆಗೆದು ಬಚ್ಚಲೊಲೆಗೆ ಉರಿ ಹಾಕುವುದು. ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಹಲ್ಲಿಗಳು ಉದುರಿಸಿದ ಹಿಕ್ಕೆ ಗುಡಿಸಿ, ಒಮ್ಮೆ ಒದ್ದೆ ಬಟ್ಟೆಯಲ್ಲಿ, ಇನ್ನೊಮ್ಮೆ ಒಣ ಬಟ್ಟೆಯಲ್ಲಿ ಒರೆಸುವುದು. ಅತ್ತೆಯ ಲಿಂಗಪೂಜೆಗೆ ಪತ್ರೆ, ವಿಭೂತಿ, ತಂಬಿಗೆ ನೀರು ಇಡುವುದು. ಹಾಲು ಕಾಸುವುದು. ಗಂಡನಿಗೆ ಬಿಸಿನೀರು, ಅದಕ್ಕೆ ಅರ್ಧ ಲಿಂಬೆಹಣ್ಣು. ಮಗಳ ಡಬ್ಬಿಗೆ ಒಂದು ಪಲ್ಯ, ಗಂಡನ ಡಬ್ಬಿಗೆ ಇನ್ನೊಂದು. ಮಗಳು ತಿನ್ನುವುದನ್ನು ಅವನು ತಿನ್ನುವುದಿಲ್ಲ. ರೊಟ್ಟಿಗೆ ಹಿಟ್ಟು ನಾದುವುದು. ಆಮೇಲೆ ಜಿರಲೆಗಳಿಗೆ ತಿಂಡಿ ಹಾಕುವುದು.

ಜಿರಲೆಗಳು ಬಚ್ಚಲ ಪಕ್ಕದ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮಿನೊಳಗಿದ್ದವು. ಒಳಗೆ ಮೊಟ್ಟೆಯ ರಟ್ಟುಗಳನ್ನು ಒಂದರ ಮೇಲೊಂದು ಪೇರಿಸಿತ್ತು. ಬಾಯಿಗೆ ಸೊಳ್ಳೆಪರದೆ ಕಟ್ಟಿತ್ತು. ಅವು ಹತ್ತಿ ಬರದಂತೆ ಒಳ ಅಂಚಿಗೆಲ್ಲ ವ್ಯಾಸಲೀನು ಸವರಿತ್ತು. ಪರದೆ ಬಿಚ್ಚಿದ ಕೂಡಲೇ ಹಳಸಿದ ಎಣ್ಣೆ ಮತ್ತು ಒದ್ದೆ ಗೋಣಿಚೀಲ ಕೂಡಿದಂಥ ನಾತ ಮುಖಕ್ಕೆ ಹೊಡೆಯುತ್ತಿತ್ತು. ರಟ್ಟುಗಳ ಕೆಳಗೆ ಸರಸರ ಸದ್ದು. ಮಹೇಶ್ವರಿ ಉಸಿರು ಬಿಗಿಹಿಡಿದು ತೌಡು ಸುರಿದು, ಪಲ್ಯಕ್ಕೆ ಹೆಚ್ಚಿ ಉಳಿದ ಗಜ್ಜರಿಯ ತುದಿಗಳನ್ನು ಎಸೆದು, ಮತ್ತೆ ಬಿಗಿಯಾಗಿ ಕಟ್ಟಿ ಉಸಿರು ಬಿಡುತ್ತಿದ್ದಳು. ಮೊದಲ ದಿನ ಅಲ್ಲೇ ವಾಂತಿ ಮಾಡಿಕೊಂಡಿದ್ದಳು. ಗಂಡ ಶಂಭುಲಿಂಗ ಹಲ್ಲುಜ್ಜುತ್ತ ನಿಂತವನು ನಕ್ಕಿದ್ದ.

"ಯಾಕ ಹೇಸ್ತಿ? ಇವೂ ಸಸ್ಯಾಹಾರಿನ, ನಿನ್ನಂಗ."

ಈ ಜಿರಲೆಗಳು ಅವನು ಸಾಕಿದ್ದ ಹಲ್ಲಿಗಳ ಊಟ. ಆ ಹಲ್ಲಿಗಳು ಬೇಸಿಗೆಯಲ್ಲೇ ಸತ್ತುಹೋಗಿದ್ದವು. ಆದರೆ ಡ್ರಮ್ಮು ಖಾಲಿ ಮಾಡು ಎಂದು ಅವನು ಹೇಳಿರಲಿಲ್ಲ. ಮುಂದಿನ ಸಲ ಹಲ್ಲಿ ತಂದಾಗ ಬೇಕಾಗುತ್ತದೆ ಎಂದಿದ್ದ. ಹೀಗಾಗಿ ಸತ್ತವರ ಹೆಸರಿನಲ್ಲಿ ಮಹೇಶ್ವರಿ ದಿನಾ ಜಿರಲೆಗಳಿಗೆ ಉಣಬಡಿಸುತ್ತಿದ್ದಳು.

ಅವರ ಮನೆ ಶಿರಸಿಯ ಯಲ್ಲಾಪುರ ನಾಕೆಯ ಹಿಂದಿನ ಓಣಿಯಲ್ಲಿ. ಶಂಭುಲಿಂಗ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಮೀನುಗಾರರ ದೋಣಿಯಲ್ಲಿ ಕರಾವಳಿಯಾಚೆಯ ಒಂದು ಬಂಡೆಗಲ್ಲಿನ ದ್ವೀಪಕ್ಕೆ ಹೋದವನು, ಅಲ್ಲಿ ಬಂಡೆಯ ಬಿರುಕಿನಲ್ಲಿ ಒಂದು ಸಣ್ಣ ಹಲ್ಲಿ ಕಂಡ. ಬೆನ್ನ ಮೇಲೆ ಮರಳಿನ ಬಣ್ಣದ ಗುಳ್ಳೆಗಳ ಸಾಲು, ಕಿವಿಯ ಹಿಂದೆ ಕಪ್ಪು ಚುಕ್ಕಿ. ನಮ್ಮ ಗೋಡೆಯ ಹಲ್ಲಿಯಲ್ಲ ಇದು ಎಂದು ಅವನಿಗೆ ಆಗಲೇ ಅನ್ನಿಸಿತ್ತು. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಪರವಾನಗಿ ತಂದ, ಹಲ್ಲಿಗಳನ್ನು ಹಿಡಿದು ತಂದ, ಗಾಜಿನ ಪೆಟ್ಟಿಗೆಗಳಲ್ಲಿ ಸಾಕಿದ. ಸಾಕಿದ ಎಂದು ಅವನು ಹೇಳುತ್ತಿದ್ದ. ಪೆಟ್ಟಿಗೆ ತೊಳೆದವಳು, ನೀರು ಚಿಮುಕಿಸಿದವಳು, ಜಿರಲೆಯ ತಲೆಯನ್ನು ಚಿಮ್ಮಟಿಗೆಯಲ್ಲಿ ಹಿಸುಕಿ ಅರೆಜೀವ ಮಾಡಿ ಒಳಗೆ ಬಿಟ್ಟವಳು ಮಹೇಶ್ವರಿ.

ಒಂದು ಹಲ್ಲಿ ಹೊಸ ಜಾತಿಯದು ಎಂದು ಸಾರುವುದು ಸುಲಭವಲ್ಲ. ಬಾಲದ ತುದಿ ಕತ್ತರಿಸಿ ದೂರದ ಲ್ಯಾಬಿಗೆ ಕಳಿಸಬೇಕು. ಮೂತಿ, ಕಣ್ಣು, ಕಾಲಿನ ಅಳತೆ ತೆಗೆಯಬೇಕು. ಬೆರಳಿನಡಿಯ ಅಂಟುಪಟ್ಟಿಗಳನ್ನು ಭೂತಗನ್ನಡಿ ಹಿಡಿದು ಎಣಿಸಬೇಕು. ಈಗಾಗಲೇ ಹೆಸರಿರುವ ಎಲ್ಲ ನೆಂಟರ ಜೊತೆ ಹೋಲಿಸಬೇಕು. ಕೊನೆಗೆ ಸತ್ತ ಒಂದು ಹಲ್ಲಿಯನ್ನು ಸ್ಪಿರಿಟಿನಲ್ಲಿಟ್ಟು, ಇದೇ ಮೂಲ ಮಾದರಿ ಎಂದು ತೋರಿಸಿ ಮ್ಯೂಸಿಯಮ್ಮಿಗೆ ಒಪ್ಪಿಸಬೇಕು. ಜಾತಿಯ ಹೆಸರು ನಿಲ್ಲುವುದು ಆ ಒಂದು ಹಲ್ಲಿಯ ಮೇಲೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡುತ್ತಾರೆ.

ಈ ಕೆಲಸವೆಲ್ಲ ನಡೆದದ್ದು ಊಟದ ಮೇಜಿನ ಮೇಲೆ. ಶಂಭುಲಿಂಗ ಹಲ್ಲಿಯನ್ನು ಅಂಗಾತ ಮಲಗಿಸಿ, ಬೆರಳುಗಳನ್ನು ಬಿಡಿಸಿ ಎಣಿಸಿ, ಹಲ್ಲಿ ಮುಟ್ಟಿದ ತನ್ನ ಬೆರಳನ್ನೇ ನಾಲಿಗೆಗೆ ತಾಗಿಸಿ ಪುಸ್ತಕದ ಹಾಳೆ ತಿರುವುತ್ತಿದ್ದ. "ರೊಟ್ಟಿ ತಾ" ಎನ್ನುತ್ತಿದ್ದ. ಹಲ್ಲಿಯನ್ನು ಒಂದಿಷ್ಟು ಆಚೆ ಸರಿಸಿ ತಟ್ಟೆ ಎಳೆದುಕೊಳ್ಳುತ್ತಿದ್ದ. ಅವನು ರೊಟ್ಟಿ ಮುರಿಯುವುದನ್ನು ನೋಡಲಾರದೆ ಮಹೇಶ್ವರಿ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಊಟವಾದ ಮೇಲೆ ಮೇಜಿಗೆ ಎರಡೆರಡು ಸಲ ಸೋಪು ಹಾಕಿ ಉಜ್ಜುತ್ತಿದ್ದಳು.

ಅತ್ತೆ ಸಾವಿತ್ರವ್ವನದು ಇನ್ನೊಂದು ಶಾಸ್ತ್ರ. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳಬೇಕು, ಬಲಭುಜವಾದರೆ ಇಂಥ ಫಲ, ಎಡಭುಜವಾದರೆ ಇಂಥದು ಎಂದು ಪಂಚಾಂಗ ತೆಗೆಯುವವಳು. ಅವಳು ಕಂಚಿಗೆ ಹೋಗಿ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವಳಾದ್ದರಿಂದ, ಓಣಿಯಲ್ಲಿ ಯಾರ ಮೈಮೇಲೆ ಹಲ್ಲಿ ಬಿದ್ದರೂ ಬಂದು ಅವಳ ಕೈ ಮುಟ್ಟಿ ದೋಷ ಕಳೆದುಕೊಂಡು ಹೋಗುತ್ತಿದ್ದರು. ಒಮ್ಮೆ ಪೆಟ್ಟಿಗೆ ತೊಳೆಯುವಾಗ ದ್ವೀಪದ ಹಲ್ಲಿಯೊಂದು ಮಹೇಶ್ವರಿಯ ತೋಳೇರಿ ಕುತ್ತಿಗೆಯವರೆಗೆ ಓಡಿತು. ಅವಳು ಚೀರಿದಳು.

"ಮೊದಲ ತಲಿಗೆ ಎರಕೊ ಹೋಗು," ಎಂದಳು ಸಾವಿತ್ರವ್ವ.

"ಅತ್ತೀ, ನಿಮ್ಮ ಮಗ ಬೆಳಗ್ಗಿಂದ ಅವನ್ನ ಕೈಯಾಗ ಹಿಡಕೊಂಡ ಕುಂತಾರಲ್ರಿ."

"ಅದು ವಿದ್ಯಾ. ನಿನಗ ಬಿದ್ದಿದ್ದು ದೋಷ. ಹೋಗು, ಮಾತು ಬೆಳಸಬ್ಯಾಡ."

ಮಹೇಶ್ವರಿಗೆ ಮಾತು ಬೆಳೆಸುವ ಅಭ್ಯಾಸ ಕಡಿಮೆ. ಬನವಾಸಿ ಹತ್ತಿರದ ಹಳ್ಳಿಯಲ್ಲಿ, ಶುಂಠಿ ಮತ್ತು ಅನಾನಸು ವ್ಯಾಪಾರದ ಅಂದಾನಪ್ಪನ ಮಗಳಾಗಿ ಹುಟ್ಟಿದವಳು. ಅವ್ವನ ಜೊತೆ ಕೂತು ಅಬ್ಬಲಿಗೆ ಹೂವಿನ ದಂಡೆ ಕಟ್ಟುತ್ತ ಬೆಳೆದವಳು. ಬಿ.ಎ. ಎರಡನೆಯ ವರ್ಷ ಮುಗಿಯುವ ಮೊದಲೇ ಮದುವೆ. ಈ ಮನೆಗೆ ಬಂದ ಮೇಲೆ ಅವಳು ಹಟ ಹಿಡಿದು ಗೆದ್ದದ್ದು ಒಂದೇ ಒಂದು ಸಲ. ಅದು ಹೆಸರಿನ ವಿಷಯದಲ್ಲಿ.

ಮದುವೆಯ ದಿನ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ಶಂಭುಲಿಂಗ ಅವಳಿಗೆ ಹೊಸ ಹೆಸರು ಬರೆದಿದ್ದ: ಸುಮಂಗಲಾ. ಅತ್ತೆ ಆರಿಸಿದ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮರುದಿನ ಬೆಳಗ್ಗೆ ಸಾವಿತ್ರವ್ವ, "ಸುಮಂಗಲಾ, ಚಾ ತಾರವ್ವಾ" ಎಂದು ಕೂಗಿದಳು. ಮಹೇಶ್ವರಿ ಪಾತ್ರೆ ತಿಕ್ಕುತ್ತ ಕೂತೇ ಇದ್ದಳು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಎದುರು ಬಂದು ಕೇಳಿದರೆ ಕೆಲಸ ಮಾಡಿಕೊಡುತ್ತಿದ್ದಳು, ಆ ಹೆಸರಿಗೆ ಮಾತ್ರ ಓಗೊಡುತ್ತಿರಲಿಲ್ಲ. ಅಪ್ಪ ಬಂದು, ಒಪ್ಪಿಕೋ ಎಂದು ಅವಳಿಗೇ ಕೈಮುಗಿದು ಬೇಡಿಕೊಂಡ. "ನೀವು ಇಟ್ಟ ಹೆಸರ ಸಾಕಪ್ಪಾ ನನಗ" ಎಂದಳು. ಕೂಗಿ ಕೂಗಿ ಸಾವಿತ್ರವ್ವನ ಗಂಟಲೇ ಸೋತಿತು. "ಕಿವುಡಿ ತಂದ್ವೇನೋ ಅನಕೊಂಡಿದ್ದೆ, ಕತ್ತಿ ಬುದ್ಧಿಯಾಕಿ" ಎಂದು ಬೈದು, ಒಂದು ದಿನ ಕೊನೆಗೂ "ಮಹೇಶ್ವರಿ" ಎಂದಳು. ಮಹೇಶ್ವರಿ "ಬಂದೆ ಅತ್ತೀ" ಎಂದು ಎದ್ದು ಬಂದಳು. ತಾನು ದುಡಿದ ದುಡಿತ, ನಾದಿದ ಹಿಟ್ಟು, ತೊಳೆದ ಪಾತ್ರೆ ಯಾವುದೂ ತನ್ನದೆನ್ನುವಂತೆ ಉಳಿಯದ ಆ ಮನೆಯಲ್ಲಿ ಹೆಸರೊಂದು ಅವಳದಾಗಿ ಉಳಿಯಿತು.

ಹಲ್ಲಿಗಳು ಸತ್ತದ್ದು ಶಂಭುಲಿಂಗ ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಹೋದಾಗ. ವೀಡಿಯೋ ತೆಗೆಯಲೆಂದು ಗಾಜಿನ ಪೆಟ್ಟಿಗೆಗಳನ್ನು ಮಹಡಿಯ ಬೆಳಕಿಂಡಿಯ ಕೆಳಗೆ ಇಟ್ಟವನು, ಹೊರಡುವ ಗಡಿಬಿಡಿಯಲ್ಲಿ ಕೋಣೆಗೆ ಬೀಗ ಹಾಕಿ ಕೀಲಿ ಜೇಬಿನಲ್ಲೇ ಒಯ್ದಿದ್ದ. ಮಹೇಶ್ವರಿ ಫೋನು ಮಾಡಿದರೆ, "ಎರಡ್ ದಿನ ಉಪಾಸ ಇದ್ರ ಏನೂ ಆಗಂಗಿಲ್ಲ" ಎಂದ. ಮರಳಿ ಬಂದು ಬಾಗಿಲು ತೆಗೆದಾಗ ಏಪ್ರಿಲ್ ಬಿಸಿಲಿಗೆ ಅಷ್ಟೂ ಬೆಂದು ಅಂಟಿಕೊಂಡಿದ್ದವು. ಅವನು ಯಾರಿಗೂ ಬೈಯಲಿಲ್ಲ. ಬೈಯಲು ಬೇರೆ ಯಾರೂ ಇರಲಿಲ್ಲ. ಸತ್ತವನ್ನು ಕೆರೆದು ತೆಗೆದು, ಮೊದಲೇ ಇಟ್ಟಿದ್ದ ಮಾದರಿಗಳ ಬಾಟಲಿಗೇ ತುರುಕಿದ. ಸ್ಪಿರಿಟು ಕಡಿಮೆಯಾಗಿತ್ತು. ನಲ್ಲಿಯ ನೀರು ಬೆರೆಸಿ ತುಂಬಿದ.

ಮುಂದಿನ ವಾರಗಳಲ್ಲಿ ಮಹಡಿಯಿಂದ ನಾತ ಇಳಿಯತೊಡಗಿತು. ಮೊದಲು ಇಲಿ ಸತ್ತಿದೆ ಎಂದುಕೊಂಡರು. ಕೊನೆಗೆ ಬಾಟಲಿಯ ಮುಚ್ಚಳ ತೆಗೆದವಳು ಮಹೇಶ್ವರಿ. ಒಳಗಿನದು ಕಂದು ಗಂಜಿಯಾಗಿತ್ತು. ಅದರಲ್ಲಿ ಅಲ್ಲಲ್ಲಿ ಬೆರಳು, ಅಲ್ಲಲ್ಲಿ ಬೆನ್ನೆಲುಬು, ನೂಲು ಕಟ್ಟಿದ ಚೀಟಿಗಳು. ಸಾವಿತ್ರವ್ವ ಸೆರಗು ಮೂಗಿಗೆ ಒತ್ತಿಕೊಂಡು ಪಕ್ಕದ ಮನೆಗೆ ಓಡಿದಳು. ಶಂಭುಲಿಂಗ ತಲೆ ಹಿಡಿದುಕೊಂಡು ಕೂತ. ಹಿತ್ತಲ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಸುರಿದವಳು, ಬಾಟಲಿಯನ್ನು ಬೂದಿ ಹಾಕಿ ತಿಕ್ಕಿದವಳು, ಮೂರು ಹೊತ್ತು ಊಟ ಸೇರದೆ ಬರೀ ಮಜ್ಜಿಗೆ ಕುಡಿದವಳು ಮಹೇಶ್ವರಿ.

ಲ್ಯಾಬಿನಿಂದ ಫಲಿತಾಂಶ ಬಂದದ್ದು ಆಮೇಲೆ. ಹಲ್ಲಿ ನಿಜಕ್ಕೂ ಹೊಸ ಜಾತಿಯದಾಗಿತ್ತು. ಫೋಟೋ ಇತ್ತು, ಅಳತೆ ಇತ್ತು. ಮೂಲ ಮಾದರಿ ಎಂದು ತೋರಿಸಲು ಹಲ್ಲಿಯೇ ಇರಲಿಲ್ಲ. ಪರವಾನಗಿಯ ಅವಧಿ ಮುಗಿದಿತ್ತು, ಸಮುದ್ರ ಕೆರಳುವ ದಿನಗಳು ಬಂದು ದೋಣಿಗಳು ದಡ ಸೇರಿದ್ದವು. ಮತ್ತೆ ದ್ವೀಪಕ್ಕೆ ಹೋಗುವುದು ದೀಪಾವಳಿಯ ಸುಮಾರಿಗೆ. ಪ್ರೊಫೆಸರ್ ಹುದ್ದೆಗೆ ಬಡ್ತಿಯ ಸಂದರ್ಶನ ಅದಕ್ಕಿಂತ ಮೊದಲೇ ಇತ್ತು.

ಒಂದು ಬೆಳಗ್ಗೆ ಮಹೇಶ್ವರಿ ರೊಟ್ಟಿಗೆ ಹಿಟ್ಟು ತೆಗೆಯುತ್ತಿದ್ದಾಗ ಶಂಭುಲಿಂಗ ಸ್ಟೂಲು ಎಳೆದುಕೊಂಡು ಅಡುಗೆಮನೆಗೆ ಬಂದ.

"ಜರಡಿ ಕೊಡ ಇಲ್ಲೆ."

"ಯಾಕ್ರಿ? ಹಿಟ್ಟ ಸೋಸಬೇಕು ನಾನು."

"ಕೊಡಂದ್ರ ಕೊಡು."

ಸ್ಟೂಲು ಹತ್ತಿ ಒಲೆಯ ಮೇಲಿನ ಗೋಡೆಗೆ ಜರಡಿ ಕವುಚಿದ. ಒಳಗೆ ಸಿಕ್ಕಿದ್ದು ಮಹೇಶ್ವರಿಗೆ ವರ್ಷಗಳಿಂದ ಗುರುತಿರುವ ಹಲ್ಲಿ. ಬಾಲ ಮುರಿದು ಮತ್ತೆ ಬೆಳೆದು ಮೊಂಡಾಗಿತ್ತು. ಅವಳು ಅದನ್ನು ಮೊಂಡಿ ಎನ್ನುತ್ತಿದ್ದಳು, ಅದೂ ಬೈಗುಳವಾಗಿ. ಒಮ್ಮೆ ಹೆಪ್ಪಿಗಿಟ್ಟ ಹಾಲಿಗೆ ಬಿದ್ದು ಇಡೀ ಗಡಿಗೆ ಚೆಲ್ಲಿಸಿತ್ತು. ಪೊರಕೆ ಹಿಡಿದು ಎಷ್ಟು ಓಡಿಸಿದರೂ ಮರಳಿ ಅದೇ ಜಾಗಕ್ಕೆ ಬರುತ್ತಿತ್ತು.

"ಇದು ನಮ್ಮ ಗ್ವಾಡಿದು," ಎಂದಳು ಮಹೇಶ್ವರಿ.

"ಗೊತ್ತೈತಿ. ಸೈಜು ಸರಿ ಐತಿ," ಎಂದ ಅವನು.

ಸಂಜೆಯ ಹೊತ್ತಿಗೆ ಮೊಂಡಿ ತಟ್ಟೆಯ ಮೇಲೆ ಕೈಕಾಲು ಚಾಚಿ ಬಿದ್ದಿತ್ತು. ಅವನು ಚೀಟಿ ಬರೆದಿದ್ದ. ಇಂಥ ಚೀಟಿಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿ ಸ್ಪಿರಿಟಿನಲ್ಲಿ ಕರಗುತ್ತದೆ. ಹಲ್ಲಿಯ ಹಿಂಗಾಲಿನ ಮೊಣಕಾಲ ಮೇಲೆ ಬಿಳಿ ನೂಲಿನಿಂದ ಕಟ್ಟಬೇಕು. ಅವನ ದಪ್ಪ ಬೆರಳಿಗೆ ಆ ಗಂಟು ಒಗ್ಗುತ್ತಿರಲಿಲ್ಲ. ಮೊದಲಿನಿಂದಲೂ ಮಹೇಶ್ವರಿಯೇ ಅಬ್ಬಲಿಗೆ ದಂಡೆಯ ಗಂಟು ಹಾಕಿ ಕಟ್ಟುತ್ತಿದ್ದಳು. ಆ ಗಂಟು ಜಾರುವುದಿಲ್ಲ, ಕಾಲನ್ನೂ ಕತ್ತರಿಸುವುದಿಲ್ಲ. ಈ ಸಲವೂ ನೂಲು ಮುಂದೆ ಹಿಡಿದ. ಚೀಟಿಯಲ್ಲಿ ದ್ವೀಪದ ಹೆಸರಿತ್ತು.

"ದ್ವೀಪದ್ದು ಅಂತ ಬರದೀರಿ."

"ಜಾತಿ ಸುಳ್ಳಲ್ಲ ಮಾರಾಯ್ತಿ. ಲ್ಯಾಬಿನವರು ಹೇಳ್ಯಾರ, ಫೋಟೋ ಐತಿ, ಅಳತಿ ಐತಿ. ಒಂದ್ ಹೆಣ ಬೇಕಾಗಿತ್ತು, ಅಷ್ಟ. ಮ್ಯೂಸಿಯಮ್ಮಿನ ಕಪಾಟಿನ್ಯಾಗ ಕುಂತ ಮ್ಯಾಲೆ ಯಾವಾತ ತಗದು ನೋಡ್ತಾನ? ಕಟ್ಟು."

ಅವಳು ಕಟ್ಟಿದಳು. ರಾತ್ರಿಯ ರೊಟ್ಟಿ ತಟ್ಟುವುದು ಬಾಕಿಯಿತ್ತು, ಮಗಳು ಶಾಲೆಯಿಂದ ಬರುವ ಹೊತ್ತಾಗಿತ್ತು, ಜಗಳಕ್ಕೆ ಪುರುಸೊತ್ತಿರಲಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಆ ರಾತ್ರಿ ಊಟಕ್ಕೆ ಕೂತಾಗ ಶಂಭುಲಿಂಗ ಗಂಟಲು ಸರಿಮಾಡಿಕೊಂಡ.

"ಹೊಸ ಜಾತಿಗೆ ಯಾರ ಹೆಸರು ಇಡಾಕತ್ತೀನಿ ಹೇಳ್ರಿ ನೋಡೋಣು?"

ಒಂಬತ್ತನೆಯ ತರಗತಿಯ ಮಗಳು ಸಮೃದ್ಧಿ ತನ್ನ ಹೆಸರೆಂದಳು. ಅವನು ತಲೆಯಾಡಿಸಿ ಹೆಂಡತಿಯ ಕಡೆ ಕೈ ತೋರಿಸಿದ. ಲ್ಯಾಟಿನ್ನಿನಲ್ಲಿ ಹೆಂಗಸಿನ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ ಬರೆಯುತ್ತಾರೆ, ಮಿಕ್ಕಂತೆ ಮಹೇಶ್ವರಿಯೇ ಎಂದು ವಿವರಿಸಿದ.

"ಥೂ! ಮನಿ ಸೊಸಿ ಹೆಸರು ಹಲ್ಲಿಗೇನೋ?" ಎಂದಳು ಸಾವಿತ್ರವ್ವ.

"ಅವ್ವಾ, ಇದು ದೊಡ್ಡ ಮರ್ಯಾದಿ. ಜಗತ್ತಿನ ಎಲ್ಲಾ ಪುಸ್ತಕದಾಗ ಇರತೈತಿ. ನಾವು ಸತ್ತ ಮ್ಯಾಲೂ ಇರತೈತಿ."

ಸಾವಿತ್ರವ್ವ ಕೈಯಲ್ಲಿದ್ದ ತುತ್ತನ್ನು ನುಂಗಿದಳು. "ಹಂಗಾರ ಇನ್ನೊಂದ್ ಜಾತಿ ಸಿಕ್ರ ನನ್ನ ಹೆಸರ ಇಡು," ಎಂದಳು.

"ನನಗ ಬ್ಯಾಡ್ರಿ," ಎಂದಳು ಮಹೇಶ್ವರಿ.

ಎಲ್ಲರೂ ನಕ್ಕರು. "ನಾಚಿಕಿ ನೋಡವ್ವಾ ಇಕಿಗೆ," ಎಂದ ಶಂಭುಲಿಂಗ.

ಸುದ್ದಿ ಓಣಿ ದಾಟಿತು. ಸಮೃದ್ಧಿ ಫೋನಿನ ಸ್ಟೇಟಸ್ಸಿನಲ್ಲಿ 'ನಮ್ಮಮ್ಮ ಈಗ ಒಂದು ಜಾತಿ' ಎಂದು ಹಾಕಿ, ದ್ವೀಪದ ಹಲ್ಲಿಯ ಹಳೆಯ ಫೋಟೋದ ಪಕ್ಕ ಅವ್ವನ ಮದುವೆಯ ಫೋಟೋ ಅಂಟಿಸಿದಳು. ಮಹಿಳಾ ಮಂಡಳದವರು ಶಾಲು ಹೊದಿಸುತ್ತೇವೆ, ದಿನ ಗೊತ್ತು ಮಾಡಿ ಎಂದರು. ತರಕಾರಿ ತರಲು ಹೋದಾಗ ಆಟೋದ ಚೌಡ ಕನ್ನಡಿಯಲ್ಲಿ ನೋಡಿ ಹಲ್ಲು ಕಿರಿದ.

"ಅಕ್ಕೋರೇ, ನಿಮ್ಮ ಹೆಸ್ರಿಂದು ನಮ್ಮನೇಲೂ ನಾಕೈದು ಅದ್ಯೆ. ಬಾಡಿಗೆ ಎಂತೂ ಕೊಡೂದಿಲ್ಲ, ಬರೀ ಹೇತು ಹಾಕ್ತು."

ಮಹೇಶ್ವರಿಗೂ ನಗು ಬಂತು. ನಕ್ಕ ಮೇಲೆ ಬಾಯೆಲ್ಲ ಕಹಿಯಾಯಿತು. ಚೌಡ ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು.

ಅಂದು ಸಂಜೆ ಅವಳು ಮಹಡಿ ಹತ್ತಿ ಹೋಗಿ ನೇರವಾಗಿ ಹೇಳಿದಳು. "ನನ್ನ ಹೆಸರು ತಗೀರಿ. ಬೇಕಾರ ನಿಮ್ಮವ್ವಾರದ ಇಡ್ರಿ. ಇಲ್ಲಾ, ಮಳಿ ಮುಗಿಲಿ, ಖರೇ ಹಲ್ಲಿ ತಂದು ಆಮ್ಯಾಲೆ ನಿಮಗ ತಿಳಿದಂಗ ಮಾಡ್ರಿ."

ಶಂಭುಲಿಂಗ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಕಡ್ಡಿಯಿಂದ ಹಲ್ಲಿನ ಸಂದಿ ಕೆದಕಿ, ಬಂದದ್ದನ್ನು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ.

"ಹೆಸರು ನಿಂದ ಇರಬೇಕು, ಮಹೇಶ್ವರಿ. ಗೊತ್ತಿರಾಕಿ ನೀನೊಬ್ಬಾಕಿನ. ಗಂಟು ಹಾಕಿದಾಕೀನೂ ನೀನ. ನಾಳೆ ಯಾರರ ಕೆದಕಿದ್ರ ಮೊದಲ ನಗಿಪಾಟಲಾಗೂದು ನಿನ್ನ ಹೆಸರು." ಆಮೇಲೆ ದನಿ ತಗ್ಗಿಸಿದ. "ಇಷ್ಟ್ ವರ್ಷ ದುಡದಿ. ಏನರ ಕೊಡಬೇಕಂತ ನನಗೂ ಇತ್ತು."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ.  ಅವನು ಅದನ್ನು ಪ್ರೀತಿಯಿಂದ ಹೇಳಿದ್ದ ಎನ್ನುವುದು ಕೊಳೆತ ಹಲ್ಲಿಯ ಬಾಟಲಿಗಿಂತ ಹೆಚ್ಚು ಹೇಸಿಗೆಯಾಗಿತ್ತು. ಬಾಯಿ ಮುಚ್ಚಿಸುವ ಬಟ್ಟೆಯನ್ನೇ ಮಡಚಿ ಶಾಲು ಎಂದು ಹೊದಿಸುತ್ತಿದ್ದ.

ಮಾದರಿಯನ್ನು ಒಯ್ಯಲು ಬರಬೇಕಾದವಳು ಪ್ರತಿಭಾ, ಮ್ಯೂಸಿಯಮ್ಮಿನ ವಿಜ್ಞಾನಿ. ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯವಳು. ಮನೆಯ ಕಾರ್ಯಕ್ಕೆಂದು ಊರಿಗೆ ಬಂದಿದ್ದವಳು ಮರಳುವ ದಾರಿಯಲ್ಲಿ ಶಿರಸಿಗೆ ಬಂದು ಬಾಟಲಿ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಳು. ಆ ಬೆಳಗ್ಗೆ ಅವಳ ಫೋನು ಬಂದಾಗ ಶಂಭುಲಿಂಗ ತಿಂಡಿ ತಿನ್ನುತ್ತಿದ್ದ. ಎಂಜಲು ಬೆರಳಿನಿಂದ ಸ್ಪೀಕರು ಒತ್ತಿದ.

"ಸರ್, ಸಿದ್ದಾಪುರ ಬಿಟ್ಟೆ. ನೀವು ಕಾಲೇಜಿಗೆ ಹೋಗಿದ್ರೂ ಅಡ್ಡಿಲ್ಲೆ, ಮನೇಲೇ ಇಸ್ಕಂಡು ಹೋಗ್ತೆ. ಒಂದು ಮಾತು ಕೇಳ್ಬೇಕಿತ್ತು. ಮೂಲ ಮಾದರಿ ದ್ವೀಪದ್ದೇ ಅಲ್ದಾ? ನೀವು ಕಳ್ಸಿದ ಫೋಟೋದಲ್ಲಿ ಬೆನ್ನಿನ ಗುಳ್ಳೆ ಸಾಲು ಕಾಣ್ತಾ ಇಲ್ಲೆ."

"ಸ್ಪಿರಿಟಿನ್ಯಾಗ ಮಾಸಿ ಹೋಗಿರತೈತಲ್ರಿ ಮೇಡಂ. ನಮ್ಮ ಮನಿಯವ್ರ ಜಿರಲಿ ಹಾಕಿ ಅವನ್ನ ಸಾಕ್ಯಾರ, ಅವ್ರ ಗಂಟು ಹಾಕ್ಯಾರ. ಬೇಕಾರ ಅವ್ರನ್ನ ಕೇಳ್ರಿ, ಇಲ್ಲೇ ಅದಾರ."

ಫೋನನ್ನು ಅವಳ ಕಡೆ ಚಾಚಿ ಹುಬ್ಬು ಹಾರಿಸಿದ. ಮಹೇಶ್ವರಿಯ ಎರಡೂ ಕೈಗೆ ಹಿಟ್ಟು ಮೆತ್ತಿತ್ತು.

"ಅಕ್ಕಾ," ಎಂದಿತು ಫೋನಿನ ದನಿ, "ನಿಮ್ಮ ಧೈರ್ಯಕ್ಕೆ ಕೈ ಮುಗೀತೆ. ಹಲ್ಲಿ ಆಗ್ತು ನಂಗೆ, ಜಿರಲೆ ಮಾತ್ರ ಕಂಡ್ರೆ ಆಗ್ತಿಲ್ಲೆ. ನೀವು ಕಟ್ಟಿದ್ದು ಅಂದ ಮೇಲೆ ಎಂತ ಚಿಂತೆ ಇಲ್ಲೆ ಬಿಡಿ."

ಮಹೇಶ್ವರಿ ಬಾಯಿ ತೆರೆದಳು. ಅಷ್ಟರಲ್ಲಿ ಶಂಭುಲಿಂಗ, "ಬರ್ರಿ ಮೇಡಂ, ಬರ್ರಿ" ಎಂದು ಫೋನು ಇಟ್ಟುಬಿಟ್ಟ. ಡಬ್ಬಿ ತೆಗೆದುಕೊಂಡು, ಬಾಟಲಿಯನ್ನು ಅಡುಗೆಕಟ್ಟೆಯ ಮೇಲಿಟ್ಟು, "ಅವ್ರಿಗೆ ಚಾ ಮಾಡಿಕೊಟ್ಟು ಇದನ್ನ ಕೊಟ್ಟ ಕಳಸು" ಎಂದು ಹೊರಟುಹೋದ. ಸಮೃದ್ಧಿ ಶಾಲೆಗೆ ಹೋದಳು. ಸಾವಿತ್ರವ್ವ ಮಠಕ್ಕೆ ಹೋದಳು.

ಮನೆಯಲ್ಲಿ ಮಹೇಶ್ವರಿ, ಬಾಟಲಿ, ಡ್ರಮ್ಮಿನ ಜಿರಲೆಗಳು.

ಅವಳು ಮೊದಲು ಎಂದಿನಂತೆ ಪಾತ್ರೆ ತೊಳೆದಳು. ಕಟ್ಟೆ ಒರೆಸಿದಳು. ಒಲೆಯ ಮೇಲಿನ ಗೋಡೆ ಖಾಲಿಯಿತ್ತು, ಆದರೂ ಬಟ್ಟೆಗೆ ಹೊಸ ಹಿಕ್ಕೆ ಹತ್ತಿತು. ಮೊಂಡಿಯ ಜಾಗಕ್ಕೆ ಇನ್ಯಾವುದೋ ಬಂದಿತ್ತು. ಬಾಟಲಿಯೊಳಗೆ ಮೊಂಡಿ ಬಾಯಿ ತುಸು ತೆರೆದು ಬಾಗಿ ನಿಂತಿತ್ತು. ಸತ್ತ ಮೇಲೂ ಅದರ ಮೇಲೆ ಅವಳಿಗೆ ಕನಿಕರ ಹುಟ್ಟಲಿಲ್ಲ.

ನೂಲು ಕತ್ತರಿಸಿಬಿಡಬಹುದು ಎನ್ನಿಸಿತು. ಚೀಟಿ ಇಲ್ಲದ ಹಲ್ಲಿ ಬರೀ ಹೆಣ ಎಂದು ಶಂಭುಲಿಂಗನೇ ಎಷ್ಟೋ ಸಲ ಕೂಗಾಡಿದ್ದ. ಚೀಟಿ ಬಿದ್ದುಹೋಯಿತು ಎಂದರೆ ಬೇಜವಾಬ್ದಾರಿ ಎಂದು ಬೈಯುತ್ತಾನೆ. ಆ ಬೈಗುಳ ಅವಳಿಗೆ ಹೊಸದಲ್ಲ. ಆದರೆ ಇನ್ನೊಂದು ಚೀಟಿ ಬರೆದು ಮತ್ತೆ ಅವಳ ಕೈಯಿಂದಲೇ ಕಟ್ಟಿಸುತ್ತಾನೆ. ಬಾಟಲಿಯನ್ನೇ ಒಡೆದರೆ? ಮತ್ತೆ ಸ್ಟೂಲು ಹತ್ತಿ ಜರಡಿ ಕೇಳುತ್ತಾನೆ. ಗೋಡೆಯಲ್ಲಿ ಹಲ್ಲಿಗೇನು ಬರ.

ಸುಮ್ಮನೆ ಕೊಟ್ಟು ಕಳಿಸಿದರೆ ಅವನಿಗೆ ಬಡ್ತಿ, ಅತ್ತೆಗೆ ಹಿಗ್ಗು. ಸಮೃದ್ಧಿಯ ಸ್ಟೇಟಸ್ಸು ಅಳಿಸಬೇಕಾಗುವುದಿಲ್ಲ. ಇಲ್ಲದಿದ್ದರೆ ಶಾಲೆಯಲ್ಲಿ ಆ ಹುಡುಗಿ ಎಷ್ಟು ಮಾತು ಕೇಳಬೇಕೋ. ಅದೊಂದನ್ನು ನೆನೆದಾಗ ಮಹೇಶ್ವರಿಯ ಕೈ ತಡೆಯಿತು.  ಮಗಳು ಮುಂದೊಂದು ದಿನ ಆ ಮ್ಯೂಸಿಯಮ್ಮಿಗೆ ಹೋಗಿ, ಇದು ನಮ್ಮವ್ವನ ಹೆಸರಿನದು ಎಂದು ಕಪಾಟು ತೆಗೆಸಿ ನೋಡುವುದು ಕಣ್ಣಿಗೆ ಕಟ್ಟಿತು. ನೋಡುವುದು ಏನನ್ನು? ಅಡುಗೆಮನೆಯ ಮೊಂಡಿಯನ್ನು. ಅದರ ಕಾಲಲ್ಲಿ ಅವ್ವ ತಿಳಿದೂ ತಿಳಿದೂ ಹಾಕಿದ ಗಂಟನ್ನು.

ಅಕ್ಕಿಯಲ್ಲಿ ಬರೆದ ಹೆಸರಿಗೆ ಓಗೊಡದೆ ಕೂತ ದಿನಗಳಲ್ಲಿ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಆಗ ಅವಳಿಗೆ ಯಾರ ಬೆಂಬಲವೂ ಇರಲಿಲ್ಲ, ಅಪ್ಪನದೂ.

ಬಾಟಲಿಯ ಮುಚ್ಚಳ ತಿರುಗಿಸಿದಳು. ಸ್ಪಿರಿಟಿನ ಘಾಟು ಮೂಗಿಗೆ ಅಡರಿತು. ಚಿಮ್ಮಟಿಗೆ ಮಹಡಿಯಲ್ಲಿತ್ತು, ಹೋಗಿ ತರುವಷ್ಟು ತಾಳ್ಮೆಯಿರಲಿಲ್ಲ. ಕೈಯನ್ನೇ ಅದ್ದಿ ಮೊಂಡಿಯನ್ನು ಹಿಡಿದು ಮೇಲೆತ್ತಿದಳು. ತಣ್ಣಗೆ, ನೆನೆದ ಚರ್ಮದ ಚೀಲದಂತೆ ಬೆರಳಿಗೆ ಜಾರಿತು.  ತಟ್ಟೆಯ ಮೇಲೆ ಮಲಗಿಸಿ, ಹೂವಿನ ಕತ್ತರಿಯಿಂದ ಕಾಲಿನ ನೂಲು ಕತ್ತರಿಸಿದಳು.

ಊಟದ ಮೇಜಿನ ಮೇಲಿದ್ದ ಶಂಭುಲಿಂಗನ ಪೆಟ್ಟಿಗೆಯಿಂದ ಹೊಸ ಚೀಟಿ ಮತ್ತು ಪೆನ್ಸಿಲು ತಂದಳು. ಚೀಟಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಎರಡು ಬದಿಯಲ್ಲೂ ಬರೆಯಬೇಕಾಯಿತು. ಒಂದು ಬದಿಗೆ: ಶಿರಸಿ, ನಮ್ಮ ಅಡುಗೆಮನೆ, ಒಲೆಯ ಮೇಲಿನ ಗೋಡೆ. ಹಿಡಿದ ದಿನ. ಹಿಡಿದವರು ಶಂಭುಲಿಂಗ. ಇನ್ನೊಂದು ಬದಿಗೆ: ಚೀಟಿ ಕಟ್ಟಿದವಳು ಮಹೇಶ್ವರಿ. ಹೆಸರಿನ ಮೇಲೆ ಪೆನ್ಸಿಲನ್ನು ಇನ್ನೊಮ್ಮೆ ಒತ್ತಿ ಎಳೆದಳು.

ನೂಲು ಪೋಣಿಸಿ, ಮೊಣಕಾಲ ಮೇಲೆ ಸುತ್ತಿ, ಅಬ್ಬಲಿಗೆ ದಂಡೆಯ ಗಂಟು ಹಾಕಿ ಬಿಗಿದಳು. ಮೊಂಡಿಯನ್ನು ಮತ್ತೆ ಬಾಟಲಿಗೆ ಇಳಿಬಿಟ್ಟು ಮುಚ್ಚಳ ಹಾಕಿದಳು. ಕತ್ತರಿಸಿದ ಹಳೆಯ ಚೀಟಿಯನ್ನು ಒಲೆಗೆ ಹಾಕಲಿಲ್ಲ. ಸಣ್ಣ ತಟ್ಟೆಯೊಂದರಲ್ಲಿ ಬಾಟಲಿಯ ಪಕ್ಕದಲ್ಲೇ ಇಟ್ಟಳು. ಪ್ರತಿಭಾ ಕೇಳಿದರೆ ಎರಡನ್ನೂ ತೋರಿಸಬೇಕು. ಸಂಜೆ ಗಂಡ ಕೇಳಿದರೆ ಅವನಿಗೂ ಹೇಳಬೇಕು, ಅಡುಗೆಮನೆಯಲ್ಲಿ ನಿಂತೇ ಹೇಳಬೇಕು.

ಗೇಟಿನ ಚಿಲಕ ಸದ್ದಾಯಿತು. "ಅಕ್ಕಾ, ಇದ್ರಾ?" ಎಂದು ಹೊರಗಿನಿಂದ ದನಿ ಬಂತು. ಬೆರಳಲ್ಲಿ ಇನ್ನೂ ಹಲ್ಲಿಯ ಲೋಳೆಯಿತ್ತು. ಕೈ ಆಮೇಲೆ ತೊಳೆದರಾಯಿತು ಎಂದು ಮಹೇಶ್ವರಿ ಬಾಟಲಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು.